ಅಜ್ಜನ ಕಾಲದ ಕಾರಿಗೆ ಮರುಜೀವ: ಫಾರ್ವರ್ಡ್ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಅಪಾಯ?

ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನಡಿ ಅಜ್ಜನ ಅಂಬಾಸಿಡರ್ ನಿಂತು ವರ್ಷಗಳೇ ಆಗಿವೆ. ಟೈರಿನ ಗಾಳಿ ಹೋಗಿದೆ, ಸೀಟಿನೊಳಗೆ ಇಲಿ ಗೂಡು ಕಟ್ಟಿದೆ. ಮಾರಿಬಿಡೋಣ ಎಂದರೆ ಅಜ್ಜಿಗೆ ಮನಸ್ಸಿಲ್ಲ. ಆಗ ಮೊಮ್ಮಗನ ಮೊಬೈಲಿಗೆ ಒಂದು ವಿಡಿಯೊ ಬರುತ್ತದೆ. ತುಕ್ಕು ಹಿಡಿದ ಕಾರೊಂದು ಎರಡು ನಿಮಿಷದಲ್ಲಿ ಫಳಫಳ ಹೊಳೆಯುತ್ತಾ ರಸ್ತೆಗೆ ಇಳಿಯುತ್ತದೆ. ಅದರ ಬೆನ್ನಿಗೇ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳ ಸಾಲು: ‘ಕೋಲಾ ಸುರಿದರೆ ತುಕ್ಕು ಮಾಯ’, ‘ಹಳೆ ಕಬ್ಬಿಣವೇ ಗಟ್ಟಿ’, ‘50 ವರ್ಷ ದಾಟಿದ ಕಾರಿಗೆ ಯಾವ ಕಾಗದವೂ ಬೇಡ’.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿ ಹೊರಟರೆ ಹಣವಷ್ಟೇ ಅಲ್ಲ, ಜೀವಕ್ಕೂ ಕುತ್ತು ಬರಬಹುದು. ಹಳೆ ಕಾರನ್ನು ಮತ್ತೆ ಓಡಿಸುವುದು ಖಂಡಿತ ಸಾಧ್ಯ. ಆದರೆ ಅದಕ್ಕೊಂದು ಕ್ರಮ ಇದೆ: ಮೊದಲು ಕಾಗದ, ಆಮೇಲೆ ತುಕ್ಕು, ಅದಾದ ಮೇಲೆ ಬ್ರೇಕು ಮತ್ತು ವೈರಿಂಗು, ಕೊನೆಯಲ್ಲಿ ಬಣ್ಣ. ವಿಡಿಯೊಗಳು ತೋರಿಸುವುದು ಬಹುಮಟ್ಟಿಗೆ ಕೊನೆಯದನ್ನು ಮಾತ್ರ.

ಮೊದಲು ಎರಡು ಪದಗಳ ವ್ಯತ್ಯಾಸ

‘ರೆಸ್ಟೊರೇಷನ್’ ಎಂದರೆ ಕಾರನ್ನು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಮತ್ತೆ ಮಾಡುವುದು. ಅದೇ ಎಂಜಿನ್, ಅದೇ ಬಾಡಿ, ಸಾಧ್ಯವಾದರೆ ಅದೇ ಬಣ್ಣ. ‘ಕಸ್ಟಮೈಸ್’ ಎಂದರೆ ನಮ್ಮ ಇಷ್ಟಕ್ಕೆ ತಕ್ಕಂತೆ ಬದಲಿಸುವುದು: ಬೇರೆ ಎಂಜಿನ್, ಅಗಲದ ಟೈರು, ಕತ್ತರಿಸಿದ ಟಾಪು, ಹೊಸ ಸೀಟು. ಗ್ಯಾರೇಜಿನಲ್ಲಿ ಎರಡೂ ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಆದರೆ ಕಾನೂನಿನ ಮುಂದೆ ಇವೆರಡೂ ಬೇರೆ ಬೇರೆ. ಮೊದಲನೆಯದಕ್ಕೆ ನಿಯಮಗಳು ದಾರಿ ಬಿಟ್ಟಿವೆ, ಎರಡನೆಯದಕ್ಕೆ ಬಿಗಿಯಾದ ಮಿತಿ ಹಾಕಿವೆ. ಫಾರ್ವರ್ಡ್ ಸಂದೇಶಗಳ ಗೊಂದಲ ಬಹಳಷ್ಟು ಹುಟ್ಟುವುದೇ ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ನಮ್ಮಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಸಿಗುವ ಕಾರು ಅಂಬಾಸಿಡರ್. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಆಧಾರದ ಮೇಲೆ ಹಿಂದೂಸ್ತಾನ್ ಮೋಟರ್ಸ್ ಇದನ್ನು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಅಷ್ಟು ದೀರ್ಘ ಕಾಲ ತಯಾರಾಗಿದ್ದರಿಂದ ಬಿಡಿಭಾಗಗಳು ಈಗಲೂ ಸಿಗುತ್ತವೆ. ಫಿಯೆಟ್ 1100ರ ಭಾರತೀಯ ರೂಪವಾದ ಪ್ರೀಮಿಯರ್ ಪದ್ಮಿನಿ ಮತ್ತು 1983ರಲ್ಲಿ ಬಂದ ಮಾರುತಿ 800 ಕೂಡ ಈಗ ಈ ಸಾಲಿಗೆ ಸೇರಿವೆ. ಮುಂದಿನ ಉದಾಹರಣೆಗಳೆಲ್ಲ ಇಂಥ ಕಾರುಗಳಿಗೆ ಸಂಬಂಧಿಸಿದವು.

ಹೇಳಿಕೆ 1: ‘50 ವರ್ಷ ದಾಟಿದ ಕಾರು ವಿಂಟೇಜ್, ಅದಕ್ಕೆ ಯಾವ ಕಾಗದವೂ ಬೇಡ’

ತಪ್ಪು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಅದು ವಿಂಟೇಜ್ ಅಲ್ಲ.

ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ಅದರ ಅವಧಿ 10 ವರ್ಷ, ಆಮೇಲೆ ನವೀಕರಣಕ್ಕೆ 5,000 ರೂಪಾಯಿ. ಹೊಸ ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದು ಬರುತ್ತದೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ಫಲಕ ಇರುವವರಿಗೆ ಇದು ಸಂತೋಷದ ಸುದ್ದಿ.

ಸಂದೇಶಗಳು ಹೇಳದ ಮಾತೊಂದಿದೆ. ವಿಂಟೇಜ್ ಎಂದು ನೋಂದಣಿಯಾದ ಕಾರನ್ನು ದಿನನಿತ್ಯ ಆಫೀಸಿಗೆ ಒಯ್ಯುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ವಿಮೆಯೂ ಬೇಕೇ ಬೇಕು.

ಹೇಳಿಕೆ 2: ‘15 ವರ್ಷ ಆದ ಕಾರನ್ನು ಸರ್ಕಾರ ಗುಜರಿಗೆ ಹಾಕುತ್ತದೆ’

ಕರ್ನಾಟಕದ ಖಾಸಗಿ ಕಾರುಗಳ ಮಟ್ಟಿಗೆ ತಪ್ಪು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಕಾರನ್ನು ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು. ವಯಸ್ಸೊಂದೇ ಕಾರಣವಾಗಿ ಕಾರನ್ನು ಕಿತ್ತುಕೊಳ್ಳುವ ನಿಯಮ ನಮ್ಮಲ್ಲಿಲ್ಲ. ಪೆಟ್ರೋಲ್ ಕಾರಿಗೆ 15, ಡೀಸೆಲ್ ಕಾರಿಗೆ 10 ವರ್ಷ ಎಂಬ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. ಅಲ್ಲಿನ ಸುದ್ದಿಯನ್ನು ಇಡೀ ದೇಶದ್ದು ಎಂಬಂತೆ ಹಂಚಿದ್ದರಿಂದ ಈ ಗಾಬರಿ ಹುಟ್ಟಿತು.

ಆದರೆ ಹಳೆ ಕಾರು ಇಟ್ಟುಕೊಳ್ಳುವ ಖರ್ಚು ಏರಿದೆ ಎಂಬುದು ನಿಜ. ಹಳೆ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನು 10,000 ರೂಪಾಯಿ ಮಾಡಲಾಯಿತು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ.

ಕಾರು ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ಅವರು ತೀರಿಕೊಂಡಿದ್ದರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಹೆಸರು ವರ್ಗಾವಣೆ ಮಾಡಿಸಿ. ವಾರಸುದಾರರು ಇದಕ್ಕೆ ನಮೂನೆ 31ರಲ್ಲಿ ಅರ್ಜಿ ಕೊಡಬೇಕು. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬುದು ನಿಯಮ. ಆ ಗಡುವು ಎಂದೋ ಮುಗಿದಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಏನೇನು ಬೇಕೆಂದು ಕೇಳಿಕೊಂಡು ಬನ್ನಿ. ಲಕ್ಷಾಂತರ ಖರ್ಚು ಮಾಡಿ ಕಾರನ್ನು ಸಿದ್ಧಪಡಿಸಿದ ಮೇಲೆ ಕಾಗದಕ್ಕೆ ಅಲೆಯುವವರ ಕಷ್ಟ ಯಾರಿಗೂ ಬೇಡ.

ಹೇಳಿಕೆ 3: ‘ನಮ್ಮ ಕಾರು, ನಮ್ಮ ಇಷ್ಟ. ಹೇಗೆ ಬೇಕಾದರೂ ಆಲ್ಟರ್ ಮಾಡಿಸಬಹುದು’

ತಪ್ಪು. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅನುಮತಿಯಿಲ್ಲದೆ ಬದಲಾವಣೆ ಮಾಡಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಮಲೆನಾಡು, ಕೊಡಗಿನ ಕಡೆ ಜೀಪುಗಳಿಗೆ ಮಾಡಿಸುವ ಆಲ್ಟರೇಷನ್‌ಗೂ ಇದು ಅನ್ವಯ. ಚಾಸಿ ಉದ್ದ ಮಾಡುವುದು, ಟಾಪ್ ಕತ್ತರಿಸುವುದು, ಕಬ್ಬಿಣದ ಬುಲ್ ಗಾರ್ಡ್ ಹಾಕುವುದು, ಕಿವಿ ಬಿರಿಯುವ ಸೈಲೆನ್ಸರ್ ಯಾವುದಕ್ಕೂ ಅವಕಾಶವಿಲ್ಲ. ಸೀಟಿನ ಹೊದಿಕೆ, ಒಳಗಿನ ಮ್ಯಾಟು, ಮ್ಯೂಸಿಕ್ ಸಿಸ್ಟಂನಂಥ ಸಣ್ಣಪುಟ್ಟ ಕೆಲಸಗಳಿಗೆ ತೊಂದರೆಯಿಲ್ಲ. ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುವುದರಿಂದ, ಬೇರೆ ಬಣ್ಣ ಹೊಡೆಸುವುದಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ಎಂಜಿನ್ ಬದಲಿಸುವುದಾದರೆ ಮೊದಲೇ ಅನುಮತಿ ಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ. ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಮಾಮೂಲಾಗಿತ್ತು. ನೀವು ಕೊಳ್ಳುತ್ತಿರುವ ಕಾರು ಅಂಥದ್ದೇ ಆಗಿರಬಹುದು. ಎಂಜಿನ್ ಮತ್ತು ಚಾಸಿಯ ಮೇಲಿನ ಸಂಖ್ಯೆಗಳನ್ನು ಆರ್‌ಸಿ ಜೊತೆ ನೀವೇ ಹೋಲಿಸಿ ನೋಡಿ. ಸಂಖ್ಯೆ ಉಜ್ಜಿದ ಅಥವಾ ಮತ್ತೆ ಕೊರೆದ ಗುರುತು ಕಂಡರೆ, ಕಾರು ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ.

ಹಳೆ ಕಾರನ್ನು ಎಲೆಕ್ಟ್ರಿಕ್ ಮಾಡಿಸಲು ಅವಕಾಶ ಇದೆ. ಆದರೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ಆ ಮಾದರಿಯ ಕಾರಿಗೆಂದೇ ಒಪ್ಪಿಗೆ ಕೊಟ್ಟ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಹೀಗೆ ಎಂಜಿನ್ ತೆಗೆದ ಕಾರು ವಿಂಟೇಜ್ ನೋಂದಣಿಗೆ ಅರ್ಹವಲ್ಲ. ಯಾವುದೇ ಬದಲಾವಣೆಯನ್ನು ವಿಮಾ ಕಂಪನಿಗೂ ತಿಳಿಸಿ. ಮುಚ್ಚಿಟ್ಟರೆ, ಅಪಘಾತವಾದ ದಿನ ವಿಮೆಯ ಹಣ ಸಿಗದೆ ಹೋಗಬಹುದು.

ಹೇಳಿಕೆ 4: ‘ಕೋಲಾ ಸುರಿದರೆ ತುಕ್ಕು ಮಾಯ’

ಅರ್ಧ ಸತ್ಯ. ಕೋಲಾ ಪಾನೀಯಗಳಲ್ಲಿ ಸ್ವಲ್ಪ ಫಾಸ್ಫಾರಿಕ್ ಆಮ್ಲ ಇರುತ್ತದೆ. ಅದು ತುಕ್ಕಿನೊಂದಿಗೆ, ಅಂದರೆ ಕಬ್ಬಿಣದ ಆಕ್ಸೈಡಿನೊಂದಿಗೆ, ಸೇರಿ ಕಬ್ಬಿಣದ ಫಾಸ್ಫೇಟ್ ಆಗುತ್ತದೆ. ತುಕ್ಕು ಹಿಡಿದ ನಟ್ಟು, ಬೋಲ್ಟನ್ನು ರಾತ್ರಿಯಿಡೀ ನೆನೆಸಿಟ್ಟರೆ ಒಂದಿಷ್ಟು ಸಡಿಲವಾಗುವುದು ಅದಕ್ಕೇ. ಆದರೆ ಆಮ್ಲದ ಪ್ರಮಾಣ ತೀರಾ ಕಡಿಮೆ, ಸಕ್ಕರೆ ಬಹಳ ಹೆಚ್ಚು. ಕಾರಿನ ಬಾಡಿಗೆ ಸುರಿದರೆ ಅಂಟು ಉಳಿಯುತ್ತದೆ, ತೇವ ನಿಲ್ಲುತ್ತದೆ, ಇರುವೆ ಬರುತ್ತದೆ. ಇದೇ ಆಮ್ಲ ಸರಿಯಾದ ಪ್ರಮಾಣದಲ್ಲಿರುವ ‘ರಸ್ಟ್ ಕನ್ವರ್ಟರ್’ ಬಣ್ಣದ ಅಂಗಡಿಯಲ್ಲೇ ಸಿಗುತ್ತದೆ.

ಸಣ್ಣ ಬಿಡಿಭಾಗಗಳನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ಕರೆಂಟ್ ಹರಿಸಿ ತುಕ್ಕು ಬಿಡಿಸುವ ವಿಡಿಯೊಗಳೂ ಇವೆ. ವಿಧಾನ ನಿಜವೇ. ಆದರೆ ಅದರಲ್ಲಿ ಬೆಂಕಿ ಹಿಡಿಯಬಲ್ಲ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬಯಲಿನಲ್ಲೇ ಮಾಡಬೇಕು. ಇನ್ನೊಂದು ಬದಿಯ ತಂತಿಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಕಟ್ಟಲೇಬಾರದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ, ಕ್ಯಾನ್ಸರ್ ತರಬಲ್ಲ ರೂಪದಲ್ಲಿ ನೀರಿಗೆ ಬಿಡುತ್ತದೆ. ಸಾದಾ ಕಬ್ಬಿಣದ ಸರಳು ಸಾಕು.

ಬಣ್ಣದ ಅಡಿ ಅಡಗಿರುವುದು

ತುಕ್ಕು ಬರೀ ಅಂದದ ಪ್ರಶ್ನೆಯಲ್ಲ. ಜೀಪಿಗೆ ಬಾಡಿಯ ಕೆಳಗೆ ಬೇರೆಯದೇ ಚಾಸಿ ಇದೆ. ಅಂಬಾಸಿಡರ್ ಮತ್ತು ಪದ್ಮಿನಿಯಲ್ಲಿ ಹಾಗಿಲ್ಲ, ಬಾಡಿಯ ತಗಡುಗಳೇ ಸೇರಿ ಕಾರಿನ ಬೆನ್ನೆಲುಬು ಆಗಿವೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗ, ನೆಲದ ತಗಡು, ಸಸ್ಪೆನ್ಷನ್ ಕೂರುವ ಜಾಗ, ಇವು ತುಕ್ಕು ತಿಂದಿದ್ದರೆ ಕಾರು ಒಳಗಿಂದಲೇ ಕುಸಿದಿದೆ ಎಂದರ್ಥ. ಉಪ್ಪುಗಾಳಿಯ ಕರಾವಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಮಾರುವವರು ಕೆಲವೊಮ್ಮೆ ತೂತಿಗೆ ಪುಟ್ಟಿ ಮೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ, ಮೇಲೆ ಬಣ್ಣ ಹೊಡೆದಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಪತ್ತೆ ಮಾಡಲು ಒಂದು ಸಣ್ಣ ಅಯಸ್ಕಾಂತ ಸಾಕು. ಅದನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಆಡಿಸಿ. ತಗಡು ಇರುವಲ್ಲಿ ಅಂಟಿಕೊಳ್ಳುತ್ತದೆ, ದಪ್ಪ ಪುಟ್ಟಿ ಇರುವಲ್ಲಿ ಜಾರಿ ಬೀಳುತ್ತದೆ. ಕಾರು ಕೊಳ್ಳಲು ಹೋಗುವಾಗ ಜೇಬಿನಲ್ಲಿರಲಿ. ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದೇ ಸರಿಯಾದ ದಾರಿ. ಪುಟ್ಟಿ ಇರುವುದು ಸಣ್ಣ ಉಬ್ಬುತಗ್ಗು ಸಮ ಮಾಡಲು ಮಾತ್ರ.

ವೆಲ್ಡಿಂಗ್‌ಗೆ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ಬಿಚ್ಚಿ ದೂರ ಇಡಿಸಿ. ‘ಟ್ಯಾಂಕ್ ಖಾಲಿ ಇದೆ, ಏನೂ ಆಗಲ್ಲ’ ಎಂಬ ಮಾತು ನಂಬಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ಅದರೊಳಗೆ ಪೆಟ್ರೋಲ್ ಆವಿಯೂ ಗಾಳಿಯೂ ಬೆರೆತು ಸಿಡಿಯಲು ಸಿದ್ಧವಾಗಿರುತ್ತವೆ.

ಹೇಳಿಕೆ 5: ‘ಹಳೆ ಕಬ್ಬಿಣ ಗಟ್ಟಿ, ಈಗಿನ ಕಾರು ಡಬ್ಬಾ. ಹಳೆ ಕಾರೇ ಸುರಕ್ಷಿತ’

ತಪ್ಪು. ಹೆಚ್ಚು ಹಂಚಿಕೆಯಾಗುವ ಮಾತೂ ಇದೇ, ಅಪಾಯಕಾರಿ ಮಾತೂ ಇದೇ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್ 2009ರಲ್ಲಿ ತನ್ನ 50ನೇ ವರ್ಷದ ನೆಪದಲ್ಲಿ ಒಂದು ಪರೀಕ್ಷೆ ಮಾಡಿತು. 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿತು. ಭಾರೀ ಗಾತ್ರದ ಬೆಲ್ ಏರ್‌ನ ಚಾಲಕನ ಜಾಗವೇ ಕುಸಿದು ಹೋಯಿತು. ಒಳಗೆ ಮನುಷ್ಯ ಇದ್ದಿದ್ದರೆ ಬದುಕುವುದು ಕಷ್ಟವಿತ್ತು. ಹೊಸ ಕಾರಿನ ಚಾಲಕನಿಗೆ ಕಾಲಿಗೆ ಸಣ್ಣ ಪೆಟ್ಟು ಆಗುತ್ತಿತ್ತಷ್ಟೆ.

ಕಾರಣ ಸರಳ. ಹೊಸ ಕಾರಿನ ಮುಂಭಾಗ ಬೇಕೆಂದೇ ಮುದುಡುವಂತೆ ಮಾಡಿರುತ್ತಾರೆ. ಅದು ಮುದುಡುತ್ತಾ ಗುದ್ದಿನ ಶಕ್ತಿಯನ್ನು ತಾನು ನುಂಗುತ್ತದೆ, ಒಳಗಿನ ಪಂಜರ ಗಟ್ಟಿಯಾಗಿ ಉಳಿಯುತ್ತದೆ. ಹಳೆ ಕಾರಿನಲ್ಲಿ ಮುಂಭಾಗ ಬಗ್ಗದೇ ಇರಬಹುದು, ಆದರೆ ಆ ಹೊಡೆತ ನೇರ ಒಳಗಿದ್ದವರ ಎದೆಗೆ ಬರುತ್ತದೆ. ಸ್ಟೀರಿಂಗ್ ರಾಡು ಹಿಂದಕ್ಕೆ ತಳ್ಳಿಬಂದು ಎದೆಗೆ ಹೊಡೆಯುತ್ತಿದ್ದದ್ದು ಹಳೆ ಕಾರುಗಳ ಅಪಘಾತದಲ್ಲಿ ಸಾವಿಗೆ ದೊಡ್ಡ ಕಾರಣವಾಗಿತ್ತು. ಸಣ್ಣ ಡಿಕ್ಕಿಯಲ್ಲಿ ಬಂಪರ್ ಜಜ್ಜದಿರುವುದನ್ನೂ ದೊಡ್ಡ ಡಿಕ್ಕಿಯಲ್ಲಿ ಮನುಷ್ಯ ಉಳಿಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಾಗಿ ರೆಸ್ಟೋರ್ ಮಾಡಿದ ಕಾರನ್ನು ನಿಧಾನವಾಗಿಯೇ ಓಡಿಸಿ. ಇಂದು ಎಲ್ಲರಿಗೂ ಪರಿಚಿತವಾದ ಮೂರು ಬಿಂದುವಿನ ಸೀಟ್ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು 1959ರಲ್ಲಿ. ಅದಕ್ಕೂ ಹಿಂದಿನ ವಿನ್ಯಾಸದ ಕಾರುಗಳಲ್ಲಿ ಬೆಲ್ಟ್ ಹಾಕಲು ಜಾಗವೇ ಇರುವುದಿಲ್ಲ. ಆಮೇಲೆ ಕೂರಿಸುವುದಾದರೆ ತೆಳು ತಗಡಿಗೆ ಬೋಲ್ಟ್ ಹಾಕಿದರೆ ಸಾಲದು, ಹಿಂದೆ ದಪ್ಪ ಪ್ಲೇಟಿನ ಆಸರೆ ಇರಬೇಕು. ಇಲ್ಲದಿದ್ದರೆ ಗುದ್ದಿದಾಗ ಬೆಲ್ಟ್ ತಗಡನ್ನೇ ಕಿತ್ತುಕೊಂಡು ಬರುತ್ತದೆ.

ಹೇಳಿಕೆ 6: ‘ಈಗಿನ ಪೆಟ್ರೋಲ್ ಹಾಕಿದರೆ ಹಳೆ ಎಂಜಿನ್ ಮುಗಿಯಿತು’

ಅರ್ಧ ಸತ್ಯ. ಇದರಲ್ಲಿ ಎರಡು ವಿಷಯ ಬೆರೆತಿವೆ. ಒಂದು, ಸೀಸ. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ಎಂಜಿನ್ನಿನ ಎಗ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. ಆದರೆ ಹೊಗೆಯಲ್ಲಿ ಹೊರಬಂದ ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ ಎಂದು ತಿಳಿದ ಮೇಲೆ ಒಂದೊಂದೇ ದೇಶ ಅದನ್ನು ನಿಲ್ಲಿಸಿತು. ಭಾರತ 2000ನೇ ಇಸವಿಯಲ್ಲಿ, ಎಲ್ಲಕ್ಕಿಂತ ಕೊನೆಗೆ ಅಲ್ಜೀರಿಯಾ 2021ರಲ್ಲಿ. ನಿಧಾನವಾಗಿ ಓಡಿಸುವ ಕಾರಿಗೆ ಇದರಿಂದ ಅಂಥ ತೊಂದರೆಯಿಲ್ಲ. ಎಂಜಿನ್ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟ್ ಕೂರಿಸಿದರೆ ಚಿಂತೆಯೇ ಇಲ್ಲ.

ಎರಡು, ಎಥೆನಾಲ್. ಇದರಲ್ಲಿ ಕಾಳಜಿಗೆ ಕಾರಣ ಇದೆ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್. ಎಥೆನಾಲ್ ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಉಬ್ಬಿಸಿ ಬಿರುಕು ತರಬಹುದು. ಗಾಳಿಯ ತೇವ ಹೀರಿಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಿ ಒಳಗಿನಿಂದ ತುಕ್ಕು ಹಿಡಿಸಬಹುದು. ಟ್ಯಾಂಕಿನ ಹಳೆ ಕೊಳೆಯನ್ನು ಕದಡಿ ಕಾರ್ಬೊರೇಟರಿಗೆ ತಂದು ಕಟ್ಟಿಸುವುದೂ ಉಂಟು. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಆದ್ದರಿಂದ ಮೈಲೇಜೂ ಸ್ವಲ್ಪ ಇಳಿಯುತ್ತದೆ.

ಆದರೆ ಒಂದು ಸಲ ತುಂಬಿಸಿದ ಮಾತ್ರಕ್ಕೆ ಎಂಜಿನ್ ಸಾಯುವುದಿಲ್ಲ. ಪೆಟ್ರೋಲ್ ಹರಿಯುವ ರಬ್ಬರ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ವೈಟಾನ್‌ನಂಥ ಪೈಪಿಗೆ ಬದಲಿಸಿ. ಟ್ಯಾಂಕ್ ತೊಳೆಸಿ, ಫಿಲ್ಟರ್ ಹಾಕಿಸಿ. ಬಹುಕಾಲ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ. ಹಳೆ ಪೈಪು ಸೋರಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಈ ಕೆಲಸದಲ್ಲಿ ಜಿಪುಣತನ ಬೇಡ.

‘ಪೆಟ್ರೋಲಿಗೆ ನುಸಿಗುಳಿಗೆ ಹಾಕಿದರೆ ಮೈಲೇಜ್ ಹೆಚ್ಚುತ್ತದೆ’ ಎಂಬ ಸಂದೇಶಕ್ಕೆ ಕಿವಿಗೊಡಬೇಡಿ. ಕರಗಿದ ನ್ಯಾಫ್ತಲೀನ್, ಪೆಟ್ರೋಲ್ ಆವಿಯಾದ ಮೇಲೆ ಮತ್ತೆ ಹರಳುಗಟ್ಟಿ ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ.

ಹೇಳಿಕೆ 7: ‘ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಸಾಕು’

ತಪ್ಪು. ವರ್ಷಗಟ್ಟಲೆ ನಿಂತ ಎಂಜಿನ್ನಿನ ಸಿಲಿಂಡರ್ ಗೋಡೆಯಿಂದ ಆಯಿಲ್ ಇಳಿದು ಹೋಗಿರುತ್ತದೆ, ಪಿಸ್ಟನ್ ರಿಂಗಿಗೆ ತುಕ್ಕು ಅಂಟಿರಬಹುದು. ತಕ್ಷಣ ಸ್ಟಾರ್ಟ್ ಮಾಡಿದರೆ ರಿಂಗ್ ಮುರಿಯುತ್ತದೆ, ಗೋಡೆ ಗೀರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದೆರಡು ದಿನ ಹಾಗೇ ಬಿಡಿ. ಆಮೇಲೆ ಎಂಜಿನ್ ಅನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಹಳೆ ಪೆಟ್ರೋಲ್, ಹಳೆ ಆಯಿಲ್, ಹಳೆ ನೀರು ಎಲ್ಲ ಬದಲಿಸಿ. ಅಷ್ಟಾದ ಮೇಲೆ ಬ್ಯಾಟರಿ ಜೋಡಿಸಿ.

ಎಂಜಿನ್ ಸ್ಟಾರ್ಟ್ ಆಯಿತೆಂದು ಓಡಿಸಲು ಹೊರಡಬೇಡಿ. ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಹಳೆಯ ಹಲವು ಕಾರುಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಆಯಿಲ್ ಸಾಲು ಇರುತ್ತದೆ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕು ಹೋದ ಹಾಗೆ. ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ತೇವ ಸೇರಿದಾಗ ಅದು 140 ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು. ಘಾಟಿ ಇಳಿಯುವಾಗ ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹೋಸ್, ವೀಲ್ ಸಿಲಿಂಡರ್, ಆಯಿಲ್ ಮೂರನ್ನೂ ಬದಲಿಸದೆ ಹಳೆ ಕಾರನ್ನು ರಸ್ತೆಗೆ ಇಳಿಸಬಾರದು.

ಟೈರಿನ ಪಟ್ಟೆ ಹೊಸದರಂತೆ ಕಂಡರೂ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ.

ವೈರಿಂಗಿನದೂ ಇದೇ ಕಥೆ. ಹಳೆ ತಂತಿಯ ಹೊದಿಕೆ ಮುಟ್ಟಿದರೆ ಉದುರುತ್ತದೆ. ಅದೇ ತಂತಿಗೆ 100 ವಾಟಿನ ಎರಡು ಹೆಡ್‌ಲೈಟ್ ಬಲ್ಬ್ ಹಾಕಿದರೆ 12 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್ ಹರಿಯಬೇಕಾಗುತ್ತದೆ. ತಂತಿ ಬಿಸಿಯಾಗಿ ಬೆಂಕಿ ಹಿಡಿಯಲು ಇಷ್ಟು ಸಾಕು. ಹೊಸ ವೈರಿಂಗ್, ರಿಲೇ, ಸಾಕಷ್ಟು ಫ್ಯೂಸ್ ಹಾಕಿಸಿದ ಮೇಲೆ ಮಾತ್ರ ಇಂಥ ಆಸೆ ಇಟ್ಟುಕೊಳ್ಳಿ. ಬ್ರಿಟಿಷ್ ಮೂಲದ ಹಳೆಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಬದಿ ಬಾಡಿಗೆ ಜೋಡಣೆಯಾಗಿರುತ್ತದೆ. ಗೊತ್ತಿಲ್ಲದೆ ಇಂದಿನ ಮ್ಯೂಸಿಕ್ ಸಿಸ್ಟಂ ಹಾಕಿದರೆ ಅದು ಸುಟ್ಟೇ ಹೋಗುತ್ತದೆ.

ಹೇಳಿಕೆ 8: ‘ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಸಾಕು, ಮನೆಯಲ್ಲೇ ಮಾಡಬಹುದು’

ತಪ್ಪು. ವಿಡಿಯೊಗಳಲ್ಲಿ ಯಾರೂ ಹೇಳದ ಅಪಾಯ ಇದೇ. ಹಳೆ ಕಾರಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಉಜ್ಜಿದರೆ ಆ ಪುಡಿ ಉಸಿರಿನಲ್ಲಿ, ಬಟ್ಟೆಯಲ್ಲಿ ಮನೆಯೊಳಗೆ ಬರುತ್ತದೆ. ನೆಲದಲ್ಲಿ ಆಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ನೀರು ಹಾಕಿ ಉಜ್ಜಿ, ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಹಾಕಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಹಳೆಯ ಬ್ರೇಕ್ ಲೈನರ್ ಮತ್ತು ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಡ್ರಮ್ ಬಿಚ್ಚಿ ಅದರ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ಗ್ಯಾರೇಜುಗಳಲ್ಲಿ ಇಂದಿಗೂ ಕಾಣುವ ದೃಶ್ಯ. ಆ ನಾರುಗಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು. ಅದು ಕಾಣಿಸಿಕೊಳ್ಳುವುದು ದಶಕಗಳ ಮೇಲೆ, ಹಾಗಾಗಿ ಇಂದು ಊದಿದವರಿಗೆ ಅದರ ಸಂಬಂಧವೇ ಹೊಳೆಯುವುದಿಲ್ಲ. ಧೂಳನ್ನು ನೀರಿನಿಂದ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ನಿಮ್ಮ ಮೆಕ್ಯಾನಿಕ್‌ಗೂ ಹೇಳಿ, ಅವರ ಆಯುಷ್ಯವೂ ಮುಖ್ಯ.

ಬಣ್ಣ ಹೊಡೆಯುವಾಗ ಬಳಸುವ ಟೂ-ಕೆ ಪೇಂಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಇದರ ಸ್ಪ್ರೇ ಉಸಿರಾಡಿದವರಿಗೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಬಾಳಿನುದ್ದಕ್ಕೂ ಉಳಿಯಬಹುದು. ಕರ್ಚೀಫಾಗಲಿ ಎನ್95 ಆಗಲಿ ಇದನ್ನು ತಡೆಯುವುದಿಲ್ಲ. ಈ ಕೆಲಸವನ್ನು ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಮತ್ತು ಪೇಂಟ್ ಬೂತ್ ಇರುವವರಿಗೇ ಬಿಡಿ.

ಇನ್ನು, ಬರೀ ಜಾಕ್ ಮೇಲೆ ಎತ್ತಿದ ಕಾರಿನ ಕೆಳಗೆ ಎಂದೂ ನುಸುಳಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಆಸರೆಯಲ್ಲ, ಭಾರಕ್ಕೆ ಥಟ್ಟನೆ ಪುಡಿಯಾಗುತ್ತವೆ. ಕಬ್ಬಿಣದ ಸ್ಟ್ಯಾಂಡ್ ಬೇಕು.

ಹೇಳಿಕೆ 9: ‘ಮಿಲಿಟರಿ ಅಧಿಕಾರಿಯ ಜೀಪ್, ವರ್ಗಾವಣೆ ಆಗಿದೆ, ಅರ್ಧ ಬೆಲೆಗೆ ಮಾರಾಟಕ್ಕಿದೆ’

ಬಹುತೇಕ ಮೋಸ. ಸೈನಿಕರ ಹೆಸರು, ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸಿ, ‘ಗಾಡಿ ಕ್ಯಾಂಪಿನಲ್ಲಿದೆ, ಸಾಗಾಟಕ್ಕೆ ಮುಂಗಡ ಕಳಿಸಿ’ ಎನ್ನುವುದು ವಂಚಕರ ಹಳೆ ತಂತ್ರ. ಕಾರನ್ನು ಕಣ್ಣಾರೆ ನೋಡದೆ, ಸಂಖ್ಯೆ ಹೋಲಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯ ಇರುವುದೇ ಇಲ್ಲ, ಸ್ಕ್ಯಾನ್ ಮಾಡಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಮೋಸ ಹೋದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಹಾಗಾದರೆ ಮಾಡಬೇಕೇ, ಬೇಡವೇ?

ಲಾಭದ ಲೆಕ್ಕ ಹಾಕುವುದಾದರೆ ಬೇಡ. ಸಾಮಾನ್ಯ ಮಾದರಿಯ ಕಾರುಗಳಲ್ಲಿ ರಿಪೇರಿಗೆ ಸುರಿದ ಹಣ ಮಾರಿದಾಗ ಮರಳಿ ಬರುವುದು ಕಷ್ಟ. ನೆನಪಿಗಾಗಿ, ಕೆಲಸ ಕಲಿಯುವ ಖುಷಿಗಾಗಿ ಎಂದರೆ ಧಾರಾಳವಾಗಿ ಮಾಡಿ. ಅವಸರ ಬೇಡ. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆಯಿರಿ, ನಟ್ಟು ಬೋಲ್ಟುಗಳನ್ನು ಹೆಸರು ಬರೆದ ಕವರುಗಳಲ್ಲಿ ಇಡಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಸಿದ್ಧವಾದ ಹಳೆ ಕಾರು ಹೇಗಿರುತ್ತದೆ ಎಂದು ನೋಡಲು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯಕ್ಕೋ ಒಮ್ಮೆ ಹೋಗಿ ಬನ್ನಿ.

ನೆನಪಿಡಬೇಕಾದ ಅಂಶಗಳು

• ಆರ್‌ಸಿ, ಹೆಸರು ವರ್ಗಾವಣೆ, ಚಾಸಿ ಮತ್ತು ಎಂಜಿನ್ ಸಂಖ್ಯೆ: ಇವು ಸರಿಯಿಲ್ಲದಿದ್ದರೆ ಕೆಲಸ ಶುರು ಮಾಡಬೇಡಿ.
• 50 ವರ್ಷ ದಾಟಿ ಮೂಲರೂಪದಲ್ಲಿರುವ ಕಾರು ಮಾತ್ರ ವಿಂಟೇಜ್. ಅದನ್ನು ದಿನನಿತ್ಯ ಓಡಿಸುವಂತಿಲ್ಲ.
• ಎಂಜಿನ್, ಬಾಡಿ, ಚಾಸಿ ಬದಲಾವಣೆಗೆ ಮೊದಲೇ ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೂ ತಿಳಿಸಿ.
• ತುಕ್ಕು ತಿಂದ ತಗಡು ಕತ್ತರಿಸಿ ಹೊಸದು ಹಾಕಿಸಿ, ಪುಟ್ಟಿ ಮೆತ್ತಿ ಮುಚ್ಚಬೇಡಿ.
• ಬ್ರೇಕ್, ಟೈರ್, ವೈರಿಂಗ್, ಪೆಟ್ರೋಲ್ ಪೈಪ್ ಹೊಸದಾಗುವವರೆಗೆ ಬಣ್ಣದ ಯೋಚನೆ ಬೇಡ.
• ಬಣ್ಣದ ಪುಡಿ, ಬ್ರೇಕ್ ಧೂಳು, ಸ್ಪ್ರೇ ಮೂರೂ ಆರೋಗ್ಯಕ್ಕೆ ಅಪಾಯ. ಮಕ್ಕಳನ್ನು ದೂರ ಇಡಿ.

ಮುಂದಿನ ಸಲ ತುಕ್ಕಿನ ಕಾರು ಎರಡು ನಿಮಿಷದಲ್ಲಿ ಹೊಳೆಯುವ ವಿಡಿಯೊ ಬಂದರೆ, ಹಂಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಬ್ರೇಕ್ ತೋರಿಸಿದ್ದಾರೆಯೇ?